ನೆರಳು ಬೀಳದ ಜಾಗ

ಜೂನ್ ೩, ಸೋಮವಾರ

ಹೊಸ ಮನೆಗೆ ಬಂದು ವಾರವಾಯಿತು. ಆರನೇ ಮಹಡಿ. ಹೊಲಿಗೆ ಮೆಷಿನ್ನು ಕಿಟಕಿಯ ಹತ್ತಿರ, ಇವರ ಮಂಚ ಗೋಡೆಯ ಹತ್ತಿರ. ಗೋಡೆ ಎಷ್ಟು ಬೆಳ್ಳಗಿದೆಯೆಂದರೆ ಒರಗಿ ಕೂರಲು ಸಂಕೋಚವಾಗುತ್ತದೆ.

ರಸ್ತೆಯಾಚೆ ನಮ್ಮ ಹಳೆಯ ಬ್ಲಾಕು ಕಾಣುತ್ತದೆ. ಐದು ಮಹಡಿ, ಲಿಫ್ಟಿಲ್ಲ. ನಲವತ್ತು ವರ್ಷ ಅಲ್ಲಿನ ನಾಲ್ಕನೇ ಮಹಡಿಗೆ ಅಕ್ಕಿ, ನೀರು, ಸಮವಸ್ತ್ರದ ಬಟ್ಟೆಯ ಥಾನು ಎಲ್ಲ ಹೊತ್ತವಳು ನಾನೇ. ಈಗ ಗುಂಡಿ ಒತ್ತಿದರೆ ಸಾಕು, ಮಹಾರಾಣಿಯ ಹಾಗೆ ಮೇಲೆ ಬರುತ್ತೇನೆ. ಇನ್ನು ಈ ಕಾಲುಗಳಿಗೆ ಪಿಂಚಣಿ.

ಇವರ ಕೆಮ್ಮು ತಗ್ಗಿದೆ. ನಿನ್ನೆ ಇಡೀ ಮಧ್ಯಾಹ್ನ ಮಲಗಿದ್ದರು, ಒಂದು ಸಲವೂ ಎದ್ದು ಕೂರಲಿಲ್ಲ. ಹಳೆಯ ಮನೆಯ ಅಡುಗೆಕೋಣೆಯ ಗೋಡೆ ತೇವಕ್ಕೆ ಕಪ್ಪಾಗಿ ಬೂಷ್ಟು ಹಿಡಿದಿತ್ತು. ಒರೆಸಿದಷ್ಟೂ ಬರುತ್ತಿತ್ತು. ಲಿಕೇ ಎಂಬ ಹಾಡುಕುಣಿತದ ಆಟದ ತಂಡದಲ್ಲಿ ಮುಂಗಾಯಕರಾಗಿ ಊರೂರು ಸುತ್ತಿದ ಮನುಷ್ಯ ಆ ಗೋಡೆಯ ಪಕ್ಕ ಮಲಗಿ ಮಲಗಿ, ಒಂದು ಸಾಲು ಪೂರ್ತಿ ಮಾತಾಡಲೂ ಆಗದ ಹಾಗೆ ಆಗಿದ್ದರು.

ಹೊರಡುವ ಮೊದಲು ಹಳೆಯ ಅಂಗಳದಲ್ಲಿದ್ದ, ಜಾಗ ಕಾಯುವ ನೆಲದಜ್ಜನ ಪುಟ್ಟ ಗುಡಿಯ ಮುಂದೆ ಹರಕೆ ಹೊತ್ತಿದ್ದೆ. "ಅಜ್ಜಾ, ಆ ಮನೇಲಾದ್ರೂ ಇವರ ಎದೆ ತಿಳಿಯಾಗ್ಲಿ. ಆದ್ರೆ ನಿನ್ನ ಮುಂದೆ ನಾನೇ ಕುಣೀತೀನಿ. ಬಾಡಿಗೆ ಕುಣಿತದವರನ್ನ ಕರೆಸಲ್ಲ. ಒಂದು ಹಾಡು ಪೂರ್ತಿ." ಅಜ್ಜ ತನ್ನ ಪಾಲಿನ ಕೆಲಸ ಬೇಗ ಮಾಡಿದ್ದಾನೆ. ಆದರೆ ನಾನು ಕುಣಿಯಬೇಕಾದ ಗುಡಿಯೇ ಇಲ್ಲ. ಬ್ಲಾಕು ಒಡೆಯುವ ಮೊದಲು ಪುರೋಹಿತರು "ಸ್ವಲ್ಪ ದಿನ ತಾಳಿಕೊಳ್ಳಪ್ಪ" ಎಂದು ಅಜ್ಜನನ್ನು ಕೇಳಿಕೊಂಡು ಗುಡಿ ಕಳಚಿದರು. ಹೊಸದು ಇನ್ನೂ ಬಂದಿಲ್ಲ.

ಜೂನ್ ೨೧, ಶುಕ್ರವಾರ

ಕಾಲು ಊದಿದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ.

ಆರೋಗ್ಯ ಕಾರ್ಯಕರ್ತೆ ಮೋಟ್ ಬಂದು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು. ಮೋಟ್ ಎಂದರೆ ನಮ್ಮ ಮಾತಿನಲ್ಲಿ ಇರುವೆ. ಸಕ್ಕರೆ ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾಳೆ.

"ದೊಡ್ಡಮ್ಮ, ನೀವು ನಡೀಬೇಕು."

"ನಡೀತೀನಲ್ಲೇ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ."

"ಅದನ್ನ ನಡಿಗೆ ಅಂತಾರಾ? ಕೆಳಗಿಳಿದು ನಾಲ್ಕು ಜನರ ಮುಖ ನೋಡಿ."

ಯಾರ ಮುಖ ನೋಡಲಿ? ಎಲ್ಲರೂ ಬಾಗಿಲು ಹಾಕಿಕೊಂಡಿದ್ದಾರೆ. ಹಳೆಯ ಮನೆಯಲ್ಲಿ ಮೆಟ್ಟಿಲ ಮೇಲೆ ಉಸಿರಾಡಲು ಕೂತರೆ ಸಾಕು, ಇಡೀ ಬ್ಲಾಕಿನ ಸುದ್ದಿ ಸಿಗುತ್ತಿತ್ತು. ಲಿಫ್ಟಿನಲ್ಲಿ ಎಲ್ಲರೂ ಬಾಗಿಲ ಮೇಲಿನ ಕೆಂಪು ಅಂಕಿಯನ್ನೇ ನೋಡುತ್ತಾ ನಿಂತಿರುತ್ತಾರೆ.

ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಹೀಗೇ ಇದ್ದರೆ ಇಂಜೆಕ್ಷನ್ನು, ಆಮೇಲೆ ಪಾದದ ನರ ಸಾಯುತ್ತದೆ ಎಂದರು. ನನಗೆ ಕಾರಣ ಗೊತ್ತು, ಡಾಕ್ಟರಿಗೆ ಹೇಳಲಿಲ್ಲ. ಹರಕೆ ತೀರಿಲ್ಲ. ಇವರ ಎದೆಯಿಂದ ತೆಗೆದದ್ದನ್ನು ಅಜ್ಜ ನನ್ನ ಕಾಲಿನಲ್ಲಿ ಒತ್ತೆ ಇಟ್ಟುಕೊಂಡಿದ್ದಾನೆ. ಕುಣಿಯುವ ಮೊದಲೇ ಕಾಲು ಹೋದರೆ ನಾನೇನು ಮಾಡಲಿ? ನನಗೆ ನಿಜವಾಗಿ ಹೆದರಿಕೆಯಾಗಿದೆ.

ಜುಲೈ ೨, ಮಂಗಳವಾರ

ಮ್ಯಾನೇಜರ್ ಸರ್ವುತ್ ಗುಡಿಗೆ ಜಾಗ ಗೊತ್ತು ಮಾಡಿದ್ದಾನಂತೆ. ಎಲ್ಲಿ? ಹಿಂದುಗಡೆ ಪಂಪಿನ ಕೋಣೆಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಬೆಕ್ಕು ಮರಿ ಹಾಕುವಂಥ ಜಾಗ.

ಮನೆಯ ನೆರಳು ಅಜ್ಜನ ಗುಡಿಯ ಮೇಲೆ ಬೀಳಬಾರದು. ಇದು ತೊಟ್ಟಿಲ ಕೂಸಿಗೂ ಗೊತ್ತು. ಸಿಟ್ಟಿನಲ್ಲಿ ಆಫೀಸಿಗೆ ಇಳಿದೆ.

"ದೊಡ್ಡಮ್ಮ, ಇಪ್ಪತ್ತೆಂಟು ಮಹಡಿ ಕಟ್ಟಡ ಇದು. ನೆರಳು ಬೀಳದ ಜಾಗ ನಾನೆಲ್ಲಿಂದ ತರ್ಲಿ?"

"ನೀನು ತರಬೇಡಪ್ಪ. ನಾನು ಹುಡುಕಿ ಕೊಡ್ತೀನಿ."

ಆಡಿದ್ದು ಆಯಿತು. ಪುರೋಹಿತರಿಗೆ ಫೋನು ಮಾಡಿ ಕೇಳಿದೆ. ಬೆಳಗಿನ, ಸಂಜೆಯ ಉದ್ದ ನೆರಳನ್ನು ಯಾರೂ ತಪ್ಪಿಸಲಾಗದು, ಅದಕ್ಕೆ ಅಜ್ಜ ಮುನಿಯುವುದಿಲ್ಲ. ಆದರೆ ಅವನ ಊಟದ ಹೊತ್ತಿಗೆ, ನಡುಹಗಲಿಗೆ, ತಲೆಯ ಮೇಲೆ ಬಿಸಿಲಿರಬೇಕು ಎಂದರು. ಕಟ್ಟಡಕ್ಕೆ ಒಂದು ಸುತ್ತು ಹಾಕಲು ಹೊರಟೆ. ದಾರಿಯಲ್ಲಿ ಸಿಕ್ಕಿದ ಕಟ್ಟೆಯ ಮೇಲೆಲ್ಲ ಕೂತೆ. ಅರ್ಧಕ್ಕೇ ವಾಪಸ್ಸು ಬಂದೆ. ಕಾಲು ಬೆಂಕಿಯಾಗಿದೆ.

ಜುಲೈ ೧೭, ಬುಧವಾರ

ಇಂದು ಭಿಕ್ಷುಗಳ ಮಳೆಗಾಲದ ವ್ರತ ಶುರು. ವಿಹಾರಕ್ಕೆ ಮೇಣದಬತ್ತಿ ಕೊಟ್ಟು ಬಂದು ಮತ್ತೆ ನೆರಳಿನ ಕೆಲಸ.

ಈಗ ಹುಯ್ ಅಕ್ಕನೂ ಜೊತೆಗಿದ್ದಾಳೆ. ಹಳೆಯ ಬ್ಲಾಕಿನಲ್ಲಿ ನಮ್ಮ ಕೆಳಗಿನ ಮನೆಯವಳು, ಗಂಜಿ ಮಾರುತ್ತಿದ್ದವಳು, ಈಗ ಹದಿನೇಳನೇ ಮಹಡಿ. ಕೈಯಲ್ಲಿ ಕೋಲು, ನಾಲಿಗೆಗೆ ಯಾವ ಕೋಲೂ ಬೇಡ. ಕಿಟಕಿಯಿಂದ ನನ್ನನ್ನು ನೋಡಿ ಇಳಿದು ಬಂದಳಂತೆ.

"ಏನೇ ಲಮೈ, ಒಬ್ಬಳೇ ಸುತ್ತುತಿದೀಯ, ಉಂಗುರ ಕಳಕೊಂಡ್ಯಾ?"

ವಿಷಯ ಹೇಳಿದೆ. ನಗಲಿಲ್ಲ. ತನ್ನ ಮಂಡಿನೋವಿಗೂ ಅಜ್ಜನಿಗೆ ನೆಲೆಯಿಲ್ಲದ್ದೇ ಕಾರಣ ಎಂದಳು.

ನಾನು ದರ್ಜಿ ಸೀಮೆಸುಣ್ಣದಿಂದ ನೆರಳಿನ ಅಂಚಿಗೆ ಗೆರೆ ಎಳೆಯುತ್ತೇನೆ, ಅವಳು ಕೋಲಿನಿಂದ ತೋರಿಸುತ್ತಾಳೆ. ನಡುಹಗಲಲ್ಲಿ ನೆರಳು ದಕ್ಷಿಣದ ಕಡೆಗೇ ಬೀಳುತ್ತದೆ. ಅದೂ ಜಾಸ್ತಿ ಇಲ್ಲ, ಮುಂಬಾಗಿಲ ಮೆಟ್ಟಿಲಿನವರೆಗೆ. ಅಕ್ಕ ಅಲ್ಲೇ ನಿಂತು, "ನೆರಳು ನನ್ನ ಬೆರಳ ತುದೀಗೇ ಮುಗೀತು ಕಣೇ. ಇನ್ನೊಂದು ಹೆಜ್ಜೆ ಇಟ್ಟರೆ ಡಾಂಬರು ಸುಡುತ್ತೆ" ಎಂದು ಗೊಣಗಿದಳು. ಉತ್ತರದ ಗೇಟಿನ ಪಕ್ಕ ಮಾತ್ರ ಒಂದು ಚೂರೂ ನೆರಳಿಲ್ಲ. ಬಟಾಬಯಲು. ಸಿಕ್ಕಿತು ಜಾಗ. ಸರ್ವುತ್ ಕೂಡ ಒಪ್ಪಿದ.

ಆಗಸ್ಟ್ ೮, ಗುರುವಾರ

ಗುಡಿ ನಿಂತಿತು. ಎಡೆಗೆ ಹಂದಿಯ ತಲೆ, ಬಾಳೆಹಣ್ಣು, ಚೆಂಡುಹೂವಿನ ಮಾಲೆ, ಸ್ಟ್ರಾ ಹಾಕಿದ ಕೆಂಪು ಸೋಡಾ. ಬಿಳಿ ಬಟ್ಟೆಯ ಪುರೋಹಿತರು ಅಜ್ಜನನ್ನು ಕರೆದರು. ಎಲ್ಲ ಮಹಡಿಯಿಂದಲೂ ಜನ ಬಂದಿದ್ದರು.

ನಾನು ಹಸಿರು ರೇಷ್ಮೆ ಉಟ್ಟಿದ್ದೆ. ಹಾಡು ಮೊಬೈಲಿನಲ್ಲಿ ಹಾಕಿದರು. ಮೊದಲ ಚರಣ ಕುಣಿದೆ. ಎರಡನೆಯದರಲ್ಲಿ ಸೊಂಟ ತಗ್ಗಿಸಿ ತಿರುಗಬೇಕು. ತಿರುಗಿದೆ, ಕಾಲು ನನ್ನದಲ್ಲ ಎನ್ನುವ ಹಾಗೆ ಮಡಚಿಕೊಂಡಿತು. ಎಲ್ಲರ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಹಾಡು ನನ್ನನ್ನು ಬಿಟ್ಟು ಮುಂದೆ ಹೋಯಿತು.

ಆಗಸ್ಟ್ ೯, ಶುಕ್ರವಾರ

ಬರೆಯಲು ಏನೂ ಇಲ್ಲ.

ಆಗಸ್ಟ್ ೧೧, ಭಾನುವಾರ

ಹುಯ್ ಅಕ್ಕ ಸಾಬೂದಾನಿ ಗಂಜಿ ತಂದಳು, ಸಕ್ಕರೆ ಹಾಕದೆ.

"ಆ ಜಾಗದಲ್ಲೇ ಏನೋ ಸರಿಯಿಲ್ಲ ಅಕ್ಕ" ಎಂದೆ.

"ಹ್ಞೂಂ, ಕುಣೀಲಾರದವಳು ನೆಲ ಡೊಂಕು ಅಂದಳಂತೆ."

"ಗಂಜಿ ತಗೊಂಡು ಹೋಗು."

"ಹೋಗಲ್ಲ. ತಿನ್ನು. ನಾಳೆಯಿಂದ ದಿನಾ ಅಜ್ಜನಿಗೆ ಊದುಬತ್ತಿ ಹಚ್ಚೋಣ. ಅರ್ಧ ಹರಕೆ ತೀರಿಸಿದ್ದೀಯ, ಇನ್ನರ್ಧಕ್ಕೆ ಗಡುವು ಕೇಳೋಣ."

ಅಳುತ್ತಲೇ ತಿಂದೆ. ಗಂಜಿಗೆ ಉಪ್ಪು ಹೆಚ್ಚಾಗಿತ್ತು.

ಸೆಪ್ಟೆಂಬರ್ ೧೨, ಗುರುವಾರ

ದಿನಾ ಊಟದ ಹೊತ್ತಿಗೆ ಗುಡಿಗೆ ಹೋಗುತ್ತೇವೆ. ನಾಲ್ಕನೇ ಮಹಡಿಯ ದಂಪತಿ ಸೇರಿದ್ದಾರೆ, ಲಾಟರಿ ಮಾರುವ ಕುರುಡು ತಾತ ಸೇರಿದ್ದಾನೆ, ಇನ್ನೂ ಯಾರು ಯಾರೋ. ಗುಡಿಗೆ ಬಂದವರು ಹಾಗೇ ಕಟ್ಟಡ ಒಂದು ಸುತ್ತು ಹಾಕುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಮಾತು ಮುಗಿಯಬೇಕಲ್ಲ, ಅದಕ್ಕೆ. ಮಾತು ಮುಗಿಯದಿದ್ದರೆ ಇನ್ನೊಂದು ಸುತ್ತು.

ಈ ಲಿಫ್ಟೊಂದು ದರಿದ್ರ. ಬರುವುದೇ ಇಲ್ಲ. ಕಾದು ಸಾಕಾಗಿ ಎರಡು ಮಹಡಿ ಮೆಟ್ಟಿಲಿಳಿದು ನಾಲ್ಕರಲ್ಲಿ ಹಿಡಿದೆ. ಸರ್ವುತ್‌ಗೆ ದೂರು ಕೊಡಬೇಕು.

ಗುಡಿಯ ಮುಂದಿನ ಕಟ್ಟೆಗೆ ಒಂದು ಕಪ್ಪು ಅಂಚು ಬಂದಿದೆ. ಕೊಳೆಯೆಂದು ನೀರು ಹಾಕಿ ತೊಳೆದೆ. ಹೋಗಲಿಲ್ಲ.

ಸೆಪ್ಟೆಂಬರ್ ೨೮, ಶನಿವಾರ

ಹಳೆಯ ಬ್ಲಾಕಿನ ನಮ್ಮ ಮೂಲೆ ಒಡೆದರು. ಯಂತ್ರ ಹೊರಗೋಡೆ ಕಿತ್ತಾಗ ನಮ್ಮ ಅಡುಗೆಕೋಣೆಯ ಕಪ್ಪು ಗೋಡೆ ಬಯಲಿಗೆ ಬಂತು. ಅದರ ಮೇಲೆ ಬಿಸಿಲು ಬಿದ್ದಿತ್ತು. ನಲವತ್ತು ವರ್ಷದಲ್ಲಿ ಒಂದು ದಿನವೂ ಅಲ್ಲಿಗೆ ಬಿಸಿಲು ಬಂದದ್ದಿಲ್ಲ.

ಇವರು ಕಿಟಕಿಯಲ್ಲಿ ನನ್ನ ಪಕ್ಕ ನಿಂತು ನೋಡಿದರು. "ಅದೇ ಅಲ್ವೇನೇ ನನ್ನ ತಿಂದಿದ್ದು?" ಎಂದರು.

"ಅದೇ."

"ಎಷ್ಟು ಸಣ್ಣದಿದೆ ನೋಡು."

ಯಂತ್ರ ಒಂದೇ ಏಟಿಗೆ ಅದನ್ನು ಬೀಳಿಸಿತು. ಆ ಮನೆಯಲ್ಲೇ ನಾನು ಬದುಕಿದ್ದು, ಹೊಟ್ಟೆ ಹೊರೆದದ್ದು. ಆದರೂ ಗೋಡೆ ಬಿದ್ದಾಗ ನನಗೆ ಸಂತೋಷವೇ ಆಯಿತು. ಸುಳ್ಳು ಯಾಕೆ ಬರೆಯಲಿ?

ಅಕ್ಟೋಬರ್ ೧೩, ಭಾನುವಾರ

ವ್ರತ ಮುಗಿಯಿತು. ಮಳೆಯೂ ಬಿಟ್ಟಿತು. ವಾರದ ಮೋಡ ಸರಿದು ಚೆನ್ನಾಗಿ ಬಿಸಿಲು ಬಂತು. ಅಜ್ಜನ ಊಟದ ಹೊತ್ತಿಗೆ ತಟ್ಟೆ ಹಿಡಿದು ಹೋದೆವು.

ಗುಡಿ ಪೂರ್ತಿ ನೆರಳಿನಲ್ಲಿದೆ.

ಹುಯ್ ಅಕ್ಕ ತಲೆಯೆತ್ತಿ ಕಟ್ಟಡ ನೋಡಿದಳು, ತಗ್ಗಿಸಿ ನೆಲ ನೋಡಿದಳು. "ನೆರಳು ಈ ಕಡೆಗೆ ತಿರುಗಿಬಿಟ್ಟಿದೆ ಕಣೇ."

ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ. ಪ್ರತಿ ವರ್ಷ ವಾಲುತ್ತಾನೆ, ಅದೇನು ಹೊಸದೇ? ಮಳೆಗಾಲದಲ್ಲಿ ನೋಡಿ ಚಳಿಗಾಲಕ್ಕೂ ಅದೇ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ? ಆಗ ತೊಳೆದರೂ ಹೋಗದಿದ್ದ ಆ ಕಪ್ಪು ಅಂಚು ನೆರಳಿನದ್ದು. ನಾನು ನೆರಳಿಗೆ ನೀರು ಹಾಕಿ ಉಜ್ಜಿದ್ದೆ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. "ಅಕ್ಕಾ," ಎಂದೆ, "ನೆಲ ಡೊಂಕೇ ಇತ್ತು."

ಅವಳು ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರೂ ನಕ್ಕರು. ನೇರ ಸರ್ವುತ್ ಹತ್ತಿರ ಹೋದೆವು.

"ನೀವೇ ತೋರಿಸಿದ ಜಾಗ ದೊಡ್ಡಮ್ಮ. ಇನ್ನು ನಾನು ಕದಲಿಸಲ್ಲ. ಅಜ್ಜನ ಗುಡಿ ಏನು ತಳ್ಳುಗಾಡಿಯಾ?"

ಮಾತು ಸರಿಯೇ. ಅದಕ್ಕೇ ಇನ್ನೂ ಸಿಟ್ಟು ಬಂತು.

ಅಕ್ಟೋಬರ್ ೨೦, ಭಾನುವಾರ

ಇಡೀ ವಾರ ಹುಡುಕಿದೆವು. ಈ ಸಲ ನಾನೊಬ್ಬಳೇ ಅಲ್ಲ, ದಂಡೇ ಇದೆ. ಮೋಟ್ ಕೂಡ ಬಂದಳು. ಸೂಜಿ ಚುಚ್ಚಲು ಮನೆಮನೆ ಹತ್ತುವ ಕಷ್ಟ ತಪ್ಪಿತಂತೆ, ಎಲ್ಲರೂ ಒಂದೇ ಕಡೆ ಸಿಗುತ್ತಾರಂತೆ.

ಈಗ ನಡುಹಗಲಿನ ನೆರಳೆಲ್ಲ ಉತ್ತರಕ್ಕೆ. ಹಾಗಾದರೆ ದಕ್ಷಿಣವೇ ಸರಿ. ಆದರೆ ಮಳೆಗಾಲದಲ್ಲಿ? ನಾನು ಎಳೆದ ಗೆರೆಗಳನ್ನು ಮಳೆ ಎಂದೋ ತೊಳೆದಿದೆ. ಆಗ ಹುಯ್ ಅಕ್ಕ ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು ಪಾದ ನೋಡಿಕೊಂಡಳು. "ಲಮೈ, ವ್ರತ ಶುರುವಾದ ದಿನ ನಾನು ಇಲ್ಲೇ ನಿಂತಿದ್ದೆ. ನೆರಳು ಬೆರಳ ತುದೀಗೆ ಮುಗಿದಿತ್ತು. ಆಚೆ ಡಾಂಬರು ಸುಡ್ತಿತ್ತು."

ಅಂದರೆ ಮೆಟ್ಟಿಲಿನಿಂದ ನಾಲ್ಕು ಹೆಜ್ಜೆ ಆಚೆ ಮಳೆಗಾಲದಲ್ಲೂ ಬಿಸಿಲು, ಚಳಿಗಾಲದಲ್ಲೂ ಬಿಸಿಲು. ಎಲ್ಲರೂ ಅತ್ತ ತಿರುಗಿದೆವು. ಅಲ್ಲಿ ಸರ್ವುತ್‌ನ ಬಿಳಿ ಕಾರು ನಿಂತಿತ್ತು.

ಕೇಳಿದೆವು. ಅದು ಮ್ಯಾನೇಜರರಿಗೆಂದೇ ಗುರುತು ಮಾಡಿದ ಜಾಗ, ಆಗುವುದಿಲ್ಲ ಎಂದ.

ನವೆಂಬರ್ ೬, ಬುಧವಾರ

ಹುಯ್ ಅಕ್ಕನ ತಲೆಗೆ ಚಿನ್ನದ ಕಿರೀಟ ಮಾಡಿಸಬೇಕು.

ಬೆಳಗ್ಗೆ ಸರ್ವುತ್ ಬರುವ ಮೊದಲೇ ಅವನ ಕಾರಿನ ಜಾಗದ ನಡುಮಧ್ಯೆ ಒಂದು ಕೆಂಪು ಸೋಡಾ ಬಾಟಲಿ ಇಟ್ಟು, ಸ್ಟ್ರಾ ಹಾಕಿ, ಪಕ್ಕದಲ್ಲಿ ಊದುಬತ್ತಿ ಹಚ್ಚಿ ಬಂದಿದ್ದಾಳೆ. ನಾವೆಲ್ಲ ಎದುರಿನ ಕಟ್ಟೆಯ ಮೇಲೆ ಕೈಕಾಲು ಆಡಿಸುತ್ತಾ ವ್ಯಾಯಾಮ ಮಾಡುವವರ ಹಾಗೆ ನಿಂತೆವು. ಕಾರು ಬಂತು. ನಿಂತಿತು. ಸರ್ವುತ್ ಇಳಿದು ಬಾಟಲಿ ನೋಡಿದ.

"ಯಾರಿಟ್ಟಿದ್ದು ಇದನ್ನ?"

"ಅಜ್ಜನಿಗೆ ಬಾಯಾರಿಕೆ ಆಗಿರಬೇಕಪ್ಪ" ಎಂದಳು ಅಕ್ಕ. "ನಿನಗೆ ಧೈರ್ಯ ಇದ್ರೆ ತೆಗೆದಿಡು. ಇಲ್ಲಾಂದ್ರೆ ಮೇಲೇ ಹತ್ತಿಸು."

ಅಜ್ಜನಿಗೆ ಕೊಟ್ಟ ಸೋಡಾದ ಮೇಲೆ ಕಾರು ಹತ್ತಿಸುವ ಗಂಡಸು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಸಲ ಕೈ ಚಾಚಿದ, ಹಿಂದೆ ತೆಗೆದುಕೊಂಡ. ಆಮೇಲೆ ಬಾಟಲಿಗೆ ಕೈಮುಗಿದು ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋದ.

ನವೆಂಬರ್ ೧೧, ಸೋಮವಾರ

ತೇಲುದೀಪದ ಹುಣ್ಣಿಮೆ. ಕಾಲುವೆಗೆ ಹೋಗಿ ದೀಪ ಬಿಟ್ಟು ಬಂದೆವು, ನಡೆದೇ. ದಾರಿಯಲ್ಲಿ ಇವರು ಹಿಂದುಳಿದರು, ಬೈದು ಕರೆದುಕೊಂಡು ಬಂದೆ.

ಕಾರಿನ ಜಾಗದಲ್ಲೀಗ ಬಾಟಲಿಗಳ ಸಾಲೇ ಇದೆ. ಯಾರೋ ಬಾಳೆಗೊನೆ ಇಟ್ಟಿದ್ದಾರೆ, ಯಾರೋ ಹೂಮಾಲೆ, ಯಾರೋ ಅಜ್ಜನಿಗೆ ಹರಕೆಯೆಂದು ಮಣ್ಣಿನ ಎರಡು ಜೀಬ್ರಾ ಗೊಂಬೆ. ನಾವು ಹೇಳಿದ್ದಲ್ಲ. ಮೇಲಿನ ಮಹಡಿಗಳಿಂದ, ಹೆಸರೂ ಗೊತ್ತಿಲ್ಲದವರು ಇಳಿದು ಬಂದು ಇಟ್ಟಿದ್ದು.

ಇವರು ಬಚ್ಚಲಲ್ಲಿ ಏನೋ ಗುನುಗುತ್ತಿದ್ದರು. "ಏನ್ರೀ ಅದು?" ಎಂದು ಕೇಳಿದರೆ, "ನಲ್ಲಿ ಸದ್ದು" ಎಂದರು.

ನವೆಂಬರ್ ೧೯, ಮಂಗಳವಾರ

ಇವತ್ತು ಡಾಕ್ಟರ ಹತ್ತಿರ ಹೋಗಿ ಅರ್ಧ ದಿನ ಹಾಳು. ಜೂನಿನಲ್ಲಿ ಸೇರಿಸಿದ ಮಾತ್ರೆ ಇನ್ನು ಬೇಡ ಎಂದರು. ಏನು ಮಾಡಿದಿರಿ ಎಂದು ಕೇಳಿದರು. ಏನೂ ಇಲ್ಲ, ನನಗೆ ಈಗ ಬೇರೆ ತಲೆಬಿಸಿ ಇದೆ ಎಂದೆ. ಬೇಗ ಬಿಡಲಿ ಎಂದು ಕಾಯುತ್ತಿದ್ದೆ, ಯಾಕೆಂದರೆ ಸರ್ವುತ್ ಸಭೆ ಕರೆದಿದ್ದ.

ಅವನು ಕುತ್ತಿಗೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ಕೂತಿದ್ದ. ಉಳುಕಂತೆ. ಕಾರಿನ ಚಕ್ರವೂ ಎರಡು ಸಲ ಪಂಕ್ಚರ್ ಆಯಿತಂತೆ.

"ದೊಡ್ಡಮ್ಮ, ಮೇಲಧಿಕಾರಿಗಳಿಂದ ಒಪ್ಪಿಗೆ ತಂದಿದೀನಿ. ಜಾಗ ತಗೊಳ್ಳಿ. ಅಜ್ಜನಿಗೆ ನನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳಿ."

"ಹೇಳ್ತೀನಪ್ಪ. ನೀನೇ ಕಾರು ತೆಗೆದು ಜಾಗ ಕೊಟ್ಟೆ ಅಂತ್ಲೇ ಹೇಳ್ತೀನಿ."

"ಹಾಗೇ ಹೇಳಿ" ಎಂದ ಪಾಪ, ಮುಖವೆಲ್ಲ ಅರಳಿಸಿಕೊಂಡು. ಹುಡುಗ ಕೆಟ್ಟವನಲ್ಲ.

ನವೆಂಬರ್ ೨೮, ಗುರುವಾರ

ಪುರೋಹಿತರು ಎರಡನೇ ಸಲ ಬಂದರು. "ಇದೇ ಕೊನೆ ತಾನೇ?" ಎಂದರು. ನಡುಹಗಲಿಗೆ ಅಜ್ಜ ಹೊಸ ಜಾಗದಲ್ಲಿ ಕೂತ. ಗುಡಿಯ ಚಿನ್ನದ ಬಣ್ಣದ ಮಾಡು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಸುತ್ತ ಎಲ್ಲೂ ನೆರಳಿಲ್ಲ.

ಹಸಿರು ರೇಷ್ಮೆಯ ಸೊಂಟ ಸಡಿಲವಾಗಿದೆ, ಪಿನ್ನು ಹಾಕಬೇಕಾಯಿತು. ತೊಳೆದಾಗ ಬಟ್ಟೆ ಹಿಗ್ಗಿದೆಯೇನೋ.

ಮೋಟ್ ಹಾಡಿಗೆಂದು ಮೊಬೈಲು ತೆಗೆದಳು. ಇವರು ಅವಳ ಕೈ ತಡೆದರು. "ಅದನ್ನ ಒಳಗಿಡಮ್ಮ." ಮುಂದೆ ಬಂದು, ಅಜ್ಜನಿಗೆ ಕೈಮುಗಿದು, ಗಂಟಲು ಸರಿಮಾಡಿಕೊಂಡರು. ಆ ಗಂಟಲು ಸರಿಮಾಡುವ ಸದ್ದಿಗೆ ನನ್ನ ಜೀವ ಬಾಯಿಗೆ ಬಂತು. ಎಷ್ಟು ವರ್ಷ ಆ ಸದ್ದಿನ ಹಿಂದೆಯೇ ಕೆಮ್ಮು ಬಂದಿಲ್ಲ? ಈ ಸಲ ಹಾಡು ಬಂತು. ಹಳೆಯ ಆಟದ ಹಾಡು, ಸಾಲಿನ ಕೊನೆಯಲ್ಲಿ ಉಸಿರು ಬಿಡದೆ ಉದ್ದಕ್ಕೆ ಎಳೆಯುವಂಥದ್ದು. ದನಿ ಒಡೆದಿದೆ, ಮುದಿಯಾಗಿದೆ, ಆದರೆ ಎಳೆದರು. ಎಳೆಯುತ್ತಲೇ ನನ್ನ ಕಡೆ ನೋಡಿದರು, ಇನ್ನೇನು ನಿಂತಿದ್ದೀಯ ಎಂಬಂತೆ.

ಕುಣಿದೆ. ಮೊದಲ ಚರಣ, ಎರಡನೇ ಚರಣ. ಆವತ್ತು ಕಾಲು ಮಡಚಿಕೊಂಡ ತಿರುವು ಬಂತು. ಸೊಂಟ ತಗ್ಗಿಸಿದೆ, ತಿರುಗಿದೆ, ಎದ್ದೆ. ಹುಯ್ ಅಕ್ಕ ಕೋಲು ಎತ್ತಿ ಹಿಡಿದು ಚಪ್ಪಾಳೆ ತಟ್ಟುವ ದಾರಿ ಕಾಣದೆ ಅದನ್ನು ಸರ್ವುತ್‌ನ ಕೈಗೆ ಕೊಟ್ಟಳು. ಬಾಲ್ಕನಿಗಳಲ್ಲೆಲ್ಲ ಜನ. ಹಾಡು ಮುಗಿಯುವವರೆಗೂ ಇವರು ಕೆಮ್ಮಲಿಲ್ಲ, ನಾನು ಕೂರಲಿಲ್ಲ. ಅಜ್ಜಾ, ನಿನ್ನ ಬಾಕಿ ತೀರಿತು. ನನ್ನ ಕಾಲು ಇನ್ನು ನನಗೆ ಬಿಟ್ಟುಕೊಡು ಎಂದು ಕೈಮುಗಿದೆ.

ಆಮೇಲೆ ಊಟ, ಗಲಾಟೆ, ಫೋಟೋ. ಲಿಫ್ಟಿನ ಮುಂದೆ ಜಾತ್ರೆಯಂಥ ಸಾಲು. ರಾತ್ರಿಗೆ ಒಲೆಯ ಮೇಲೆ ಅನ್ನಕ್ಕಿಡುವುದಿತ್ತು, ಕಾಯಲು ನನಗೆಲ್ಲಿ ಪುರುಸೊತ್ತು? ಇವರನ್ನು ಸಾಲಿನಲ್ಲಿ ಬಿಟ್ಟು ಮೆಟ್ಟಿಲ ಕಡೆ ಹೋದೆ. ನಾಲ್ಕನೇ ಮಹಡಿಯಾಕೆ ಜೊತೆಗಿದ್ದಳು, ಅವಳ ಮನೆ ಬಂದಾಗ ಬಾಗಿಲಲ್ಲಿ ನಿಂತು ಇನ್ನಷ್ಟು ಮಾತಾಡಿ ಬಂದೆ.

ಇವರು ಒಳಗೆ ಬಂದಾಗ ಅಕ್ಕಿ ತೊಳೆದು ಇಟ್ಟಾಗಿತ್ತು.

"ನೀನು ಯಾವ ಲಿಫ್ಟಲ್ಲಿ ಬಂದ್ಯೇ?" ಎಂದರು.

ಆಗ ಗೊತ್ತಾಯಿತು, ಆರೂ ಮಹಡಿ ನಾನು ಕಾಲಲ್ಲೇ ಹತ್ತಿ ಬಂದಿದ್ದೆ.